ಓಕುಳಿಯ ಹದ

ಲೆಕ್ಕಪತ್ರ ನೋಡುವ ನಮ್ಮಂಥವರಿಗೆ ಕೆಂಪು ಅಂದರೆ ನಷ್ಟ. ಊರ ಕಡೆ ಕೆಂಪು ನೀರು ಮಂಗಳಕ್ಕೆ. ಮದುಮಕ್ಕಳು ಹೊಸಿಲು ದಾಟುವಾಗ, ಬಾಣಂತಿ ಮಗುವಿನೊಂದಿಗೆ ಮನೆಗೆ ಬಂದಾಗ, ತಟ್ಟೆಯಲ್ಲಿ ಓಕುಳಿ ಕಲಸಿ ಆರತಿ ಎತ್ತುತ್ತೇವೆ. ಅದಕ್ಕೆ ಬೇಕಾದದ್ದು ಅರಿಶಿನ ಮತ್ತು ಸುಣ್ಣ. ಒಂದು ಹಳದಿ, ಇನ್ನೊಂದು ಬಿಳಿ, ಕೂಡಿದರೆ ಕೆಂಪು. ಬಿ.ಕಾಂ. ಓದಿದ ನನಗೆ ಈ ಕೂಡುವ ಲೆಕ್ಕ ಬಹಳ ದಿನ ಒಗಟೇ ಆಗಿತ್ತು.

ತಂಗಿಯ ಬಾಣಂತನಕ್ಕೆಂದು ಅಮ್ಮ ಸಿಂಗಪುರದ ನಮ್ಮ ಮನೆಗೆ ಬಂದಿದ್ದಳು. ಆಗಲೇ ನನ್ನ ಮಗಳಿಗೆ ಶಾಲೆಯಲ್ಲಿ ಬಣ್ಣ ಬದಲಾಗುವ ಪ್ರಯೋಗ ಮಾಡಿ ತರಲು ಹೇಳಿದ್ದರು. ಲಿಟಲ್ ಇಂಡಿಯಾದ ವೀಳ್ಯದೆಲೆ ಅಂಗಡಿಯಿಂದ ಸುಣ್ಣ ತಂದೆ. ಮೂರು ಲೋಟ ನೀರಿಗೆ ಚಿಟಿಕೆ ಅರಿಶಿನ. ಮೊದಲನೆಯದು ಹಾಗೇ ಇತ್ತು. ಅಡುಗೆ ಸೋಡಾ ಬಿದ್ದ ಎರಡನೆಯದು ಕಿತ್ತಳೆಗೆ ತಿರುಗಿತು. ಸುಣ್ಣದ ತಿಳಿ ಬಿದ್ದ ಮೂರನೆಯದು ಕೆಂಪಾಯಿತು. ಅದಕ್ಕೇ ನಿಂಬೆರಸ ಹಿಂಡುತ್ತ ಹೋದರೆ ಮತ್ತೆ ಹಳದಿ!

ಅರಿಶಿನದ ಬಣ್ಣ ಕರ್ಕ್ಯುಮಿನ್‌ನದು. ಆಮ್ಲದಲ್ಲಿ ಅದು ಹಳದಿ. ಕ್ಷಾರದಲ್ಲಿ ಅದರ ಅಣು ಹೈಡ್ರೋಜನ್ ಬಿಟ್ಟುಕೊಡುತ್ತದೆ. ಬೆಳಕನ್ನು ಹೀರುವ ರೀತಿ ಬದಲಾಗಿ ಕೆಂಪಾಗಿ ಕಾಣುತ್ತದೆ. ಸುಣ್ಣದ ತಿಳಿಯ ಪಿಎಚ್ 12ರ ಆಸುಪಾಸು. ಸಾರಿನ ಕಲೆಯಾದ ಬಿಳಿ ಅಂಗಿಗೆ ಸೋಪು ಹಚ್ಚಿದಾಗ ಕೆಂಪಾಗುವುದೂ ಇದೇ ಕಾರಣಕ್ಕೆ.

ಅಮ್ಮ ಲೋಟವನ್ನು ಬೆಳಕಿಗೆ ಹಿಡಿದು, "ಸುಣ್ಣ ಇನ್ನೊಂಚೂರು ಬೇಕಿತ್ತು" ಎಂದಳು. ಓಕುಳಿಯ ಹದ ಅವಳಿಗೆ ಗೊತ್ತಿರುವಷ್ಟು ನಮ್ಮ ನೆಂಟರಲ್ಲಿ ಇನ್ಯಾರಿಗೂ ಗೊತ್ತಿಲ್ಲ. ಅಪ್ಪ ತೀರಿಕೊಂಡ ಮೇಲೂ ಅವಳನ್ನೇ ಕರೆದು ಕಲಸಿಸುತ್ತಾರೆ. ಆರತಿ ಎತ್ತುವ ಹೊತ್ತಿಗೆ ಮಾತ್ರ ತಟ್ಟೆ ಮುತ್ತೈದೆಯರ ಕೈಗೆ ಹೋಗುತ್ತದೆ, ಅಮ್ಮ ಅಡುಗೆಮನೆ ಬಾಗಿಲಿಗೆ. ಕಲಸಿದ ಕೈಯಲ್ಲಿ ಹಸಿರು ಬಳೆ ಇದೆಯೋ ಇಲ್ಲವೋ ಎಂದು ಆ ನೀರು ಕೇಳುವುದಿಲ್ಲ, ಕೇಳುವವರು ನಾವು.

ತಂಗಿ ಆಸ್ಪತ್ರೆಯಿಂದ ಮಗುವನ್ನು ಎತ್ತಿಕೊಂಡು ಬಂದ ದಿನ ಅಮ್ಮ ಓಕುಳಿ ಕಲಸಿ ತಟ್ಟೆಯನ್ನು ನನ್ನತ್ತ ಚಾಚಿದಳು. ನಾನು ಕೈ ನೀಡಲಿಲ್ಲ.

"ನೀನೇ ಎತ್ತಮ್ಮ."

"ಬೇಡ ಕಣೇ, ಎಳೆ ಮಗು. ನನ್ನಿಂದ ಯಾಕೆ?"

"ಅಜ್ಜಿ, ಮಾಡಿದ್ದು ನೀನೇ ತಾನೇ?" ಎಂದಳು ನನ್ನ ಮಗಳು.

ತಂಗಿ ಹೊಸಿಲಾಚೆಯೇ ನಿಂತು, "ನೀನು ಎತ್ತೋವರೆಗೂ ನಾನು ಒಳಗೆ ಬರಲ್ಲ" ಎಂದಳು.

ಅಮ್ಮ ಸೆರಗಿಗೆ ಕೈ ಒರೆಸಿಕೊಂಡಳು. ತಟ್ಟೆ ತುಸು ನಡುಗಿತು. ಮೂರು ಸುತ್ತು ಎತ್ತಿ ಮುಗಿಸಿ, ನೀರನ್ನೇ ನೋಡುತ್ತ ಹೇಳಿದಳು: "ಈ ಸಲ ಹದವಾಗಿ ಬಂದಿದೆ."