ಸ್ಟುಟ್‌ಗಾರ್ಟ್‌ನ ಸೋಮವಾರಗಳು

ನಾನು ಮರ್ಸಿಡಿಸ್, ಪೋರ್ಷೆಗಳ ಊರಿಗೆ ಹೊರಟಿದ್ದೇನೆಂದು ಅವ್ವ ಚಿಂಚವಾಡದ ನಮ್ಮ ಅರ್ಧ ಬಿಲ್ಡಿಂಗಿಗೆ ಹೇಳಿಬಿಟ್ಟಿದ್ದಳು. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಆರು ತಿಂಗಳ ಇಂಟರ್ನ್‌ಶಿಪ್, ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ, ವಾಹನದ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ. ಹೋದ ಮೇಲೆ ನನ್ನ ಪಾಲಿಗೆ ಬಂದದ್ದು ಮುಂಗಾಜು ಒರೆಸುವ ವೈಪರಿನ ಮೋಟರು. ಮೋಟರನ್ನಾದರೂ ಮುಟ್ಟಲು ಕೊಟ್ಟರೇ? ಇಲ್ಲ. ಅದು ಎಳೆಯುವ ಕರೆಂಟಿನ ಅಂಕಿಗಳು ತುಂಬಿದ ಎಕ್ಸೆಲ್ ಹಾಳೆಗಳನ್ನು ಕೊಟ್ಟರು. ಬೆಳಿಗ್ಗೆಯಿಂದ ಸಂಜೆವರೆಗೆ ಅದೇ ಕೆಲಸ.

ಸ್ಟುಟ್‌ಗಾರ್ಟ್ ಒಂದು ಬೋಗುಣಿಯಂಥ ಊರು. ಸುತ್ತ ಗುಡ್ಡ, ಊರೊಳಗೇ ದ್ರಾಕ್ಷಿ ತೋಟ. ತೋಟಗಳಿಗೆ ಹತ್ತಿ ಇಳಿಯಲು ಹಿಂದೆ ಕಟ್ಟಿದ ಮೆಟ್ಟಿಲುಗಳೇ ಈಗ ಊರಿನ ಕಾಲುದಾರಿಗಳು. ಅಂಥವು 400ಕ್ಕೂ ಹೆಚ್ಚಿವೆ. ಅಲ್ಲಿಯವರು ಅವನ್ನು ‘ಶ್ಟೆಫೆಲೆ’ ಎನ್ನುತ್ತಾರೆ. ನನ್ನ ಕೋಣೆ ಅಂಥದೊಂದು ಮೆಟ್ಟಿಲುದಾರಿಯ ತುದಿಯಲ್ಲಿತ್ತು. ನವೆಂಬರ್ ಕೊನೆಗೆ ಸಂಜೆ ನಾಲ್ಕೂವರೆಗೇ ಕತ್ತಲಾಗತೊಡಗಿತು. ಆ ಕತ್ತಲಲ್ಲಿ ಮೆಟ್ಟಿಲು ಹತ್ತುವಾಗ ದಿನಾ ಒಂದೇ ಯೋಚನೆ: ಇದಕ್ಕೆ ಇಲ್ಲಿವರೆಗೆ ಬರಬೇಕಿತ್ತೇ? ವಾಪಸ್ ವಿಮಾನದ ಟಿಕೆಟ್ ಎಷ್ಟೆಂದು ಎರಡು ಸಲ ನೋಡಿದ್ದೂ ಉಂಟು.

ಒಂದು ಭಾನುವಾರ ಬೇಸರ ಕಳೆಯಲು ನೆಕಾರ್ ನದಿ ದಾಟಿ ಬಾಡ್ ಕಾನ್‌ಸ್ಟಾಟ್‌ಗೆ ಹೋದೆ. ರೈಲಿನಲ್ಲಿ ಒಂದೇ ನಿಲ್ದಾಣ. ಅಲ್ಲಿನ ಉದ್ಯಾನದಲ್ಲಿ ಗಾಟ್‌ಲೀಬ್ ಡೈಮ್ಲರ್ ಕೆಲಸ ಮಾಡಿದ ಪುಟ್ಟ ಮನೆ ಇದೆ. 1882ರಲ್ಲಿ ಆತ ಇಲ್ಲಿ ಬಂಗಲೆ ಕೊಂಡು, ತೋಟದಲ್ಲಿದ್ದ ಗಾಜಿನ ಗಿಡಮನೆಯನ್ನೇ ವರ್ಕ್‌ಶಾಪ್ ಮಾಡಿಕೊಂಡ. ಜೊತೆಗೆ ವಿಲ್‌ಹೆಲ್ಮ್ ಮೇಬಾಕ್. ಇಬ್ಬರೂ ಬಾಗಿಲು ಹಾಕಿಕೊಂಡು ಹಗಲು ರಾತ್ರಿ ಏನೋ ಕುಟ್ಟುತ್ತಿದ್ದರಂತೆ. ತೋಟದ ಮಾಲಿಗೆ ಅನುಮಾನ, ಖೋಟಾ ನಾಣ್ಯ ಮಾಡುತ್ತಿದ್ದಾರೆಂದು! ಪೊಲೀಸರು ಬಂದು ನೋಡಿದರೆ ಸಿಕ್ಕಿದ್ದು ಬರೀ ಎಂಜಿನ್ನು, ಸ್ಪ್ಯಾನರು. 1885ರಲ್ಲಿ ಅಲ್ಲಿಂದಲೇ ಅರ್ಧ ಅಶ್ವಶಕ್ತಿಯ ಎಂಜಿನ್ ಕೂರಿಸಿದ ದ್ವಿಚಕ್ರ ವಾಹನ ಹೊರಬಂತು. ಕಂಪನಿಯ ದೊಡ್ಡ ಮ್ಯೂಸಿಯಂ ನನ್ನನ್ನು ಇನ್ನಷ್ಟು ಸಣ್ಣವಳನ್ನಾಗಿ ಮಾಡಿತ್ತು. ಈ ಗಿಡಮನೆ ಹಾಗೆ ಮಾಡಲಿಲ್ಲ. ನಮ್ಮ ಕಾಲೇಜಿನ ಲ್ಯಾಬು ಇದಕ್ಕಿಂತ ದೊಡ್ಡದಿತ್ತು.

ಆ ವಾರ ನನ್ನ ಬಾಗಿಲಿಗೆ ಒಂದು ಹಲಗೆ ನೇತುಬಿದ್ದಿತ್ತು: ‘ಕೇರ್‌ವೋಖೆ’. ಅಂದರೆ ಕಸ ಗುಡಿಸುವ ವಾರ. ಕಟ್ಟಡದ ಮೆಟ್ಟಿಲು, ಹೊಸಿಲು, ಮುಂದಿನ ಕಾಲುದಾರಿಯನ್ನು ಬಾಡಿಗೆದಾರರು ಸರದಿಯಲ್ಲಿ ಸ್ವಚ್ಛ ಮಾಡಬೇಕು. ಆ ಸೀಮೆಯ ಹಳೆಯ ರೂಢಿ ಅದು. ಫೋನಿನಲ್ಲಿ ಹೇಳಿದರೆ ಅವ್ವ ನಕ್ಕಳು. “ಅಲ್ಲವಾ, ಕಸಾ ಹೊಡಿಯೂದು ಕಲ್ಯಾಕ ಜರ್ಮನಿತನಾ ಹೋಗಬೇಕಾತೇನು?” ನಾನು ಗುಡಿಸಿ ಮುಗಿಸಿದೆ ಅಂದುಕೊಂಡಾಗ ಕೆಳಮನೆಯ ಅಜ್ಜಿ ಮಾತಿಲ್ಲದೆ ಬಾಗಿಲನ್ನು ಎಳೆದು, ಅದರ ಹಿಂದಿನ ಮೂಲೆ ತೋರಿಸಿ ಒಳಗೆ ಹೋದರು.

ಡಿಸೆಂಬರಿನಲ್ಲಿ ನನ್ನ ಗ್ರಾಫ್‌ಗಳನ್ನು ಮಾರ್ಗದರ್ಶಕರ ಮುಂದಿಟ್ಟೆ. ನಿವೃತ್ತಿ ಹತ್ತಿರದಲ್ಲಿದ್ದ ಎಂಜಿನಿಯರ್ ಅವರು, ಮಿತಭಾಷಿ. ರೇಖೆ ನುಣುಪಾಗಿತ್ತು. ನುಣುಪಾಗದೆ ಏನು, ಎದ್ದು ಕಾಣುತ್ತಿದ್ದ ಇಪ್ಪತ್ತೆರಡು ಬಿಂದುಗಳನ್ನು ‘ಸೆನ್ಸರ್ ದೋಷ’ ಎಂದು ಬರೆದು ತೆಗೆದುಹಾಕಿದ್ದೆ. ಅವರು ಅಡಿಟಿಪ್ಪಣಿ ಓದಿ ಕೇಳಿದರು: “ಸೆನ್ಸರ್ ಪರೀಕ್ಷಿಸಿದೆಯಾ?” ಇಲ್ಲ ಎಂದೆ. “ಮತ್ತೆ ಹೇಗೆ ಗೊತ್ತು?” ನನಗೆ ಉತ್ತರವಿರಲಿಲ್ಲ. ಅವರು ಬೈಯಲಿಲ್ಲ. ಹಾಳೆ ವಾಪಸ್ ಕೊಟ್ಟು ತಮ್ಮ ಕೆಲಸಕ್ಕೆ ತಿರುಗಿದರು. ಬೈದಿದ್ದರೇ ವಾಸಿಯಿತ್ತು.

ತೆಗೆದ ಬಿಂದುಗಳನ್ನೆಲ್ಲ ಮತ್ತೆ ಬರೆದುಕೊಂಡೆ, ಈ ಸಲ ದಿನ, ಗಂಟೆಯ ಸಮೇತ. ಎರಡು ತಿಂಗಳಿಂದ ಕಣ್ಣ ಮುಂದೆಯೇ ಇದ್ದ ಆ ಕಾಲಂಗಳನ್ನು ನಾನು ಓದಿಯೇ ಇರಲಿಲ್ಲ. ಎಲ್ಲವೂ ಸೋಮವಾರ, ಬೆಳಿಗ್ಗೆ ಎಂಟರೊಳಗೆ. ಸೋಮವಾರ ಬೆಳಿಗ್ಗೆ ಲ್ಯಾಬಿನಲ್ಲಿ ನಾನು ಜಾಕೆಟ್ ತೆಗೆಯುತ್ತಿರಲಿಲ್ಲ! ವಾರಾಂತ್ಯದಲ್ಲಿ ಹೀಟರ್ ತಗ್ಗಿಸುತ್ತಾರೆಂದು ಕಟ್ಟಡ ನೋಡಿಕೊಳ್ಳುವವರು ಹೇಳಿದರು. ಚಳಿಗೆ ಮೋಟರಿನ ಗೇರಿನೊಳಗಿನ ಗ್ರೀಸು ಗಟ್ಟಿಯಾಗುತ್ತದೆ, ಅದನ್ನು ಕಲಕಲು ಮೋಟರು ಹೆಚ್ಚು ಕರೆಂಟು ಎಳೆಯುತ್ತದೆ. ಊಹೆ ಸರಿಯಿದ್ದೀತು, ಆದರೆ ಮತ್ತೆ “ಹೇಗೆ ಗೊತ್ತು” ಎಂದರೆ?

ಮುಂದಿನ ಸೋಮವಾರ ಯಾರೂ ಹೇಳದೆ ಏಳು ಗಂಟೆಗೇ ಹೋದೆ, ಥರ್ಮಾಮೀಟರ್ ಹಿಡಿದು. ಅನುಮತಿ ಕೇಳಿ, ಮೊದಲ ಬಾರಿಗೆ ಮೋಟರನ್ನು ನಾನೇ ಬೆಂಚಿಗೆ ಕೂರಿಸಿದೆ. ಬೆಳಿಗ್ಗೆ 14 ಡಿಗ್ರಿಯಲ್ಲಿ ಒಂದು ಅಳತೆ, ಲ್ಯಾಬು ಬೆಚ್ಚಗಾದ ಮೇಲೆ ಅದೇ ಮೋಟರಿನದು ಇನ್ನೊಂದು. ಹೀಗೆ ಮೂರು ಸೋಮವಾರ. ಕರೆಂಟು ಚಳಿಯಲ್ಲಿ ಏರುತ್ತಿತ್ತು, ಬಿಸಿಯಲ್ಲಿ ಇಳಿಯುತ್ತಿತ್ತು. ಟಿಕೆಟ್ ದರ ನೋಡುವುದು ಯಾವಾಗ ಬಿಟ್ಟೆನೋ ನೆನಪಿಲ್ಲ.

ಮಾರ್ಗದರ್ಶಕರು ಹೊಸ ವರದಿ ಓದಿ, ಒಂದು ಕಡೆ ಅಕ್ಷರ ತಪ್ಪು ತಿದ್ದಿ, ಸಹಿ ಹಾಕಿದರು. ಅಷ್ಟೇ. ನನ್ನ ಮುಖ ನೋಡಿ ಪಕ್ಕದವರು ಸಮಾಧಾನ ಹೇಳಿದರು: ನಮ್ಮ ಸೀಮೆಯಲ್ಲಿ ಬೈಯಲಿಲ್ಲವೆಂದರೆ ಅದೇ ಹೊಗಳಿಕೆ. ನನಗೇನೋ ಒಂದು ಮಾತು ಹೇಳಿದ್ದರೆ ಅವರ ಗಂಟೇನೂ ಹೋಗುತ್ತಿರಲಿಲ್ಲ ಎಂದು ಈಗಲೂ ಅನ್ನಿಸುತ್ತದೆ.

ಈಗ ಪುಣೆಯ ಲ್ಯಾಬಿನಲ್ಲಿ ಚಳಿಯ ತಂಟೆಯಿಲ್ಲ. ಮೇ ತಿಂಗಳ ಮಧ್ಯಾಹ್ನದ ಅಂಕಿಗಳನ್ನು ಮಾತ್ರ ಬೇರೆ ಹಾಳೆಯಲ್ಲಿ, ಉಷ್ಣತೆಯ ಸಮೇತ ಬರೆದಿಡುತ್ತೇನೆ.