ಅಮ್ಮ, ಒಲೆ ಮತ್ತು ಒಂದು ಲೆನ್ಸು

ತೀರ್ಥಹಳ್ಳಿ ಕಡೆಯ ನಮ್ಮ ತವರುಮನೆಯ ಅಡುಗೆಮನೆಗೆ ಬೆಳಕು ಬರುವುದು ಮಾಡಿನ ಒಂದೇ ಒಂದು ಗಾಜಿನ ಹೆಂಚಿನಿಂದ. ಅದರ ಕೆಳಗೆ ಮೆಟ್ಟುಗತ್ತಿ ಇಟ್ಟುಕೊಂಡು ಅಮ್ಮ 58 ವರ್ಷ ತರಕಾರಿ ಹೆಚ್ಚಿದ್ದಾಳೆ. ಕಳೆದ ದೀಪಾವಳಿಗೆ ಹೋದಾಗ ತಮ್ಮ ಮೆಲ್ಲಗೆ ಹೇಳಿದ: "ಅಕ್ಕಾ, ಸಂಕ್ರಾಂತಿ ಕಳೆದ ಮೇಲೆ ಹೆಂಚು ಇಳಿಸ್ತೇವೆ. ತಾರಸಿ ಹಾಕ್ಸೋದೇ." ಅವನನ್ನು ದೂರುವಂತಿಲ್ಲ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಲು ಈಗ ಆಳು ಸಿಗುವುದಿಲ್ಲ, ಮಂಗಗಳ ಕಾಟ ಬೇರೆ.

ಆ ಅಡುಗೆಮನೆಯಲ್ಲಿ ಅಮ್ಮನ ಒಂದು ಒಳ್ಳೆಯ ಫೋಟೋ ತೆಗೆಯಬೇಕು ಅನ್ನಿಸಿದ್ದು ಆಗ. ಮಗಳು ಕೊಡಿಸಿದ ಕ್ಯಾನನ್ ಆರ್8 ಕೈಯಲ್ಲಿತ್ತು. ಅದು ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿಯಿಲ್ಲದ ಕ್ಯಾಮರಾ. "ಕನ್ನಡಿಯಿಲ್ಲದ್ದನ್ನು ನಿನಗೆ ಕೊಟ್ಟಿದ್ದಾಳಲ್ಲ, ಧೈರ್ಯ ಮೆಚ್ಚಬೇಕು" ಎಂದು ನಮ್ಮವರು ನಕ್ಕಿದ್ದರು. ಅದರ ಜೊತೆ ಬಂದ 24ರಿಂದ 50 ಮಿಲಿಮೀಟರಿನ ಜೂಮ್ ಲೆನ್ಸು ಅಂಗಳದಲ್ಲಿ ಚೆನ್ನ. ಅಡುಗೆಮನೆಗೆ ಬಂದರೆ ಅಮ್ಮನ ಕೈ ಬರೀ ಹೊಗೆಯ ಎಳೆ. ಫ್ಲ್ಯಾಷ್ ಸಿಕ್ಕಿಸಿದರೆ, ಪೊರೆ ತೆಗೆಸಿಕೊಂಡ ಕಣ್ಣನ್ನು ಸೆರಗಿನಿಂದ ಮುಚ್ಚಿಕೊಂಡು, "ನಿನ್ನ ಮಿಂಚು ಸಾಕು ಮಾರಾಯ್ತಿ" ಅನ್ನುತ್ತಾಳೆ.

ಹೀಗೆ ನಾನು ಲೆನ್ಸು ಹುಡುಕಲು ಹೊರಟೆ. ಲೆನ್ಸಿನ ಕಣ್ಣು ಎಷ್ಟು ಅರಳುತ್ತದೆಂದು ಹೇಳುವುದು ಎಫ್ ಅಂಕಿ. ಅಂಕಿ ಸಣ್ಣದಾದಷ್ಟೂ ಕಣ್ಣು ದೊಡ್ಡದು. ಈ ತಲೆಕೆಳಗಾದ ಲೆಕ್ಕ ಅರ್ಥವಾಗಲು ನನಗೆ ಎರಡು ದಿನ ಬೇಕಾಯಿತು. ನನ್ನ ಜೂಮು 50ಕ್ಕೆ ಬಂದಾಗ ಅರಳುವುದು 6.3ರವರೆಗೆ. ಜೂಮ್ ಇಲ್ಲದ, ಒಂದೇ ಅಳತೆಯ ಪ್ರೈಮ್ ಲೆನ್ಸು 1.8ರವರೆಗೆ ಅರಳುತ್ತದೆ. ಅಂದರೆ 12 ಪಟ್ಟು ಬೆಳಕು!

ಆದರೆ ಯಾವ ಅಳತೆ? 35ಓ, 50ಓ? ಕೊಳ್ಳುವ ಮೊದಲೇ, ಹಬ್ಬದ ರಜೆಯಲ್ಲಿ, ಜೂಮಿನ ಉಂಗುರಕ್ಕೆ ಟೇಪು ಸುತ್ತಿ ಒಂದು ದಿನ 35ರಲ್ಲಿ, ಮರುದಿನ 50ರಲ್ಲಿ ಅಡುಗೆಮನೆ ಸುತ್ತಿದೆ. ಎರಡು ಮೀಟರು ದೂರ ನಿಂತರೆ 35ರಲ್ಲಿ ಎರಡು ಮೀಟರು ಅಗಲವೂ ಬರುತ್ತದೆ: ಮಸಿ ಹಿಡಿದ ಜಂತಿ, ಡಬ್ಬಿಗಳ ಸಾಲು, ತಮ್ಮನ ಹೆಂಡತಿಯ ಮಿಕ್ಸಿ. 50ರಲ್ಲಿ ಒಂದೂವರೆ ಮೀಟರಿಗೂ ಕಡಿಮೆ: ಅಮ್ಮ, ಮೆಟ್ಟುಗತ್ತಿ, ಹಿಂದೆ ಒಲೆ. ಜಂತಿಯೂ ಗೋಡೆಯೂ ಓಡಿಹೋಗುವುದಿಲ್ಲ. ಕ್ಯಾಮರಾವನ್ನು ಅಕ್ಕಿ ಡಬ್ಬಿಯ ಮೇಲಿಟ್ಟು ಅರ್ಧ ಸೆಕೆಂಡು ಬೆಳಕು ಕುಡಿಸಿದರೆ ಹಳೆಯ ಜೂಮಿನಲ್ಲೇ ಬರುತ್ತವೆ. ಓಡುವುದು ಅಮ್ಮನ ಕೈ. 35ರ ಲೆನ್ಸಿನಲ್ಲಿ ನಡುಕ ತಡೆಯುವ ಏರ್ಪಾಡು ಇದೆ, ನಿಜ. ಅದು ತಡೆಯುವುದು ನನ್ನ ಕೈಯ ನಡುಕವನ್ನು, ಅವಳ ಕೈಯ ಓಟವನ್ನಲ್ಲ. 50 ಎಂದು ತೀರ್ಮಾನಿಸಿದೆ.

ಬೆಂಗಳೂರಿನ ಅಂಗಡಿಯ ಹುಡುಗ ಬಿಡಬೇಕಲ್ಲ! "ಮೇಡಂ, 50ರಲ್ಲೇ 1.2 ಇದೆ, ಕಣ್ಣು ಮುಚ್ಕೊಂಡು ತಗೊಳ್ಳಿ" ಎಂದು ಕೈಗಿಟ್ಟ. 950 ಗ್ರಾಂ, ಹೆಚ್ಚುಕಮ್ಮಿ ಒಂದು ಕಿಲೋ ಬೆಲ್ಲ. 1.8ರದ್ದು 160 ಗ್ರಾಂ, ಒಂದು ಕಿತ್ತಳೆ ಹಣ್ಣು. ಬೆಲೆ ಹತ್ತು ಪಟ್ಟು ಹೆಚ್ಚು, ಬೆಳಕು ಎರಡು ಪಟ್ಟಿಗೆ ಸ್ವಲ್ಪ ಮೇಲೆ. ಜೊತೆಗೆ, ಒಂದು ಮೀಟರು ದೂರದಲ್ಲಿ 1.2ಕ್ಕೆ ಅರಳಿಸಿದರೆ ಸ್ಪಷ್ಟವಾಗಿ ಬರುವ ಆಳ ಸುಮಾರು ಮೂರೇ ಸೆಂಟಿಮೀಟರು. ಮೂಗುಬೊಟ್ಟು ಹೊಳೆದರೆ ಕಿವಿಯೋಲೆ ಮಬ್ಬು. 1975ರ 'ಬ್ಯಾರಿ ಲಿಂಡನ್' ಚಿತ್ರಕ್ಕೆ ಕ್ಯೂಬ್ರಿಕ್ ಅವರು ನಾಸಾಕ್ಕೆಂದು ಮಾಡಿದ್ದ 0.7ರ ಝೈಸ್ ಲೆನ್ಸು ಹಾಕಿ ಮೇಣದಬತ್ತಿಯ ಬೆಳಕಿನಲ್ಲೇ ದೃಶ್ಯಗಳನ್ನು ತೆಗೆದರು. ನಟರಿಗೆ ಹೆಚ್ಚು ಅಲುಗಾಡಬೇಡಿ ಎನ್ನಬಹುದು. ಅಮ್ಮನಿಗೆ ಹೇಳುವವರು ಯಾರು? ಕಿತ್ತಳೆ ಹಣ್ಣನ್ನೇ ಕಟ್ಟಿಸಿಕೊಂಡು ಬಂದೆ.

ಡಿಸೆಂಬರಿನಲ್ಲಿ ಮತ್ತೆ ಊರಿಗೆ ಹೋದೆ. ಸಂಜೆ ನಾಲ್ಕರ ಮಂಕು ಬೆಳಕು. ಅಮ್ಮ ಹೀರೆಕಾಯಿ ಹೆಚ್ಚುತ್ತಿದ್ದಳು. ಹತ್ತಿರ ಕೂತು 1.8ಕ್ಕೆ ಅರಳಿಸಿದೆ. ಬಂತು! ಕೆನ್ನೆಯ ಸುಕ್ಕು, ನೆರೆತ ಹುಬ್ಬು, ಕಣ್ಣಿನಲ್ಲಿ ಪುಟ್ಟದಾಗಿ ಆ ಗಾಜಿನ ಹೆಂಚು. ಹೆಮ್ಮೆಯಿಂದ ತೋರಿಸಿದೆ. ಅಮ್ಮ ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿ, "ಒಲೆ ಎಲ್ಲಿ ಹೋಯ್ತೇ?" ಅಂದಳು.

ಹಿಂದಿನದು ಹೀಗೆ ಮಬ್ಬಾಗಿ ಬರುವುದೇ ಈ ಲೆನ್ಸಿನ ಚೆಂದ ಎಂದು ವಿವರಿಸಿದೆ.

"ದುಡ್ಡು ಕೊಟ್ಟು ಮಸುಕು ಮಾಡಿಸ್ಕೊಂಡು ಬಂದ್ಯಾ? ನಿನ್ನನ್ನ ಹೆತ್ತ ವರ್ಷ ನಾನೇ ಮಣ್ಣು ಕಲಸಿ ಹಾಕಿದ ಒಲೆ ಅದು. ಮುಂದಿನ ತಿಂಗಳು ಹ್ಯಾಗೂ ಇರೋದಿಲ್ಲ. ಫೋಟೋದಲ್ಲಾದ್ರೂ ಇರಲಿ."

ನನಗೆ ಮಾತು ಹೊರಡಲಿಲ್ಲ. ತಾರಸಿಯ ಸುದ್ದಿಗೆ ಅವಳು ಅಲ್ಲಿಯವರೆಗೆ ಹೂಂ ಅಂದಿರಲಿಲ್ಲ, ಉಹೂಂ ಅಂದಿರಲಿಲ್ಲ.

"ನಾಳೆ ಹನ್ನೊಂದೂವರೆಗೆ ಬಿಸಿಲುಕೋಲು ಒಲೆ ದಂಡೆಗೆ ಬರ್ತದೆ, ಆಗ ತೆಗಿ. ಈ ಕತ್ತಲಲ್ಲಿ ಯಾಕೆ ಒದ್ದಾಡ್ತಿ?" ಅಂದಳು.

ಹನ್ನೊಂದೂವರೆಗೆ ಸರಿಯಾಗಿ ಬಂತು. ಅಷ್ಟು ಆಸೆಪಟ್ಟು ಕೊಂಡ ಲೆನ್ಸಿನ ಕಣ್ಣನ್ನು 5.6ಕ್ಕೆ ಕಿರಿದು ಮಾಡಿ ನಾಲ್ಕು ಹೆಜ್ಜೆ ಹಿಂದೆ ಸರಿದೆ. ಅಷ್ಟರಲ್ಲಿ ಅಮ್ಮ ಒಲೆ ಸಾರಿಸಿ, ಅಂಚಿಗೆ ಎರಡೆಳೆ ರಂಗೋಲಿ ಎಳೆದಿದ್ದಳು. "ಸೀರೆ ಬದಲಿಸ್ತೀಯೇನಮ್ಮಾ?" ಎಂದು ಕೇಳಿದೆ. "ನನ್ನ ಯಾರು ನೋಡ್ತಾರೆ" ಎನ್ನುತ್ತ ಮಣೆಯನ್ನು ಒಂದಿಷ್ಟು ಎಡಕ್ಕೆ ಎಳೆದುಕೊಂಡು ಕೂತಳು, ಒಲೆ ಪೂರ್ತಿ ಕಾಣಲಿ ಎಂದು.