ಕಿತ್ತಳೆ ಸಿಪ್ಪೆಯ ಹೊಲಿಗೆ

ನಾಗಪುರದಲ್ಲಿ ಸಂಸಾರ ಹೂಡಿದ ಮೇಲೆ ಕಿತ್ತಳೆಯ ಉಪಯೋಗಗಳೆಲ್ಲ ನಮಗೆ ತಿಳಿದಿವೆಯೆಂದೇ ನಂಬಿದ್ದೆವು. ಊರಿಗೆ ಹೊರಟಾಗಲೆಲ್ಲ ಅದರ ಬರ್ಫಿಯ ಡಬ್ಬಿ ಹೊತ್ತವರು ನಾವು. ಆದರೆ ಹಣ್ಣಿಗೆ ಹೊಲಿಗೆಯನ್ನೂ ಹಾಕುತ್ತಾರೆಂದು ತಿಳಿದದ್ದು ಈ ಸಲ ಅಕ್ಕನ ಮಗಳು ರಜೆಗೆ ಬಂದಾಗ. ಹುಡುಗಿ ಪಶುವೈದ್ಯ ವಿದ್ಯಾರ್ಥಿನಿ. ಸೆಮಿನರಿ ಹಿಲ್ಸಿನಲ್ಲಿರುವ ಇಲ್ಲಿಯ ಪಶುವೈದ್ಯ ಕಾಲೇಜನ್ನು ತೋರಿಸಿ ದೊಡ್ಡಸ್ತಿಕೆ ಮೆರೆಯಹೋದರೆ, ಇದೂ ಹೆಬ್ಬಾಳದ ಕಾಲೇಜೂ 1958ರಲ್ಲೇ ಹುಟ್ಟಿದ ಓರಗೆಯವೆಂದು ಅವಳೇ ನಮಗೆ ಪಾಠ ಹೇಳಿದಳು.

ಮನೆಗೆ ಬಂದವಳೇ ಹಣ್ಣಿನ ಸಿಪ್ಪೆಯನ್ನು ಬ್ಲೇಡಿನಿಂದ ಎರಡಂಗುಲ ಸೀಳಿದಳು. ಬಾಗಿದ ಸೂಜಿಯನ್ನು ಇಕ್ಕಳದಲ್ಲಿ ಹಿಡಿದು ಹೊಲಿಯುವಾಗ ಅದನ್ನು ವಿಡಿಯೊ ತೆಗೆಯುವ ಪದವಿ ನಮಗೆ ಬಂತು.

"ಮಾಮಾ, ನನ್ನ ಮಾರಿ ಬ್ಯಾಡ್ರಿ, ಕೈ ಅಷ್ಟ ಬರಲಿ."

ಮುಖವೇಕೆ ಬೇಡವೆಂದು ಕೇಳಿದೆವು. ಹೀಗೆ ತೆಗೆದರೆ ಪರೀಕ್ಷಕರಿಗೆ ಹೆಸರೂ ತಿಳಿಯದು, ಊರೂ ತಿಳಿಯದು, ಕೈಗೆ ಮಾತ್ರ ಅಂಕ ಬೀಳುತ್ತದೆ ಎಂದಳು. ವರ್ಷಕ್ಕೊಮ್ಮೆ ನಮ್ಮ ಕೆಲಸದ ಬಗೆಗೆ ವರದಿ ಬರೆಯುವ ಮೇಲಧಿಕಾರಿಗಳನ್ನು ನೆನೆದು ಆ ಮಾತು ನಮಗೆ ಬಹಳ ಹಿಡಿಸಿತು.

ಹೊಲಿಗೆ ಮುಗಿಯಿತು. ಐದು ಗಂಟುಗಳು ಸಾಲಾಗಿ ಕುಳಿತಿದ್ದವು. ಕಚೇರಿಯಲ್ಲಿ ದಿನವೂ ಕಡತಗಳಿಗೆ ದಾರ ಕಟ್ಟುವ ಅನುಭವಸ್ಥರಾದ ನಾವು "ಶಾಭಾಸ್" ಎಂದುಬಿಟ್ಟೆವು. ಅವಳು ಮಾತ್ರ ವಿಡಿಯೊವನ್ನು ನಿಧಾನಗತಿಯಲ್ಲಿ ಓಡಿಸಿ ಮೂರನೆಯ ಗಂಟಿನಲ್ಲಿ ನಿಲ್ಲಿಸಿದಳು. ದಾರದ ಮೊದಲ ಸುತ್ತು ಒಂದು ದಿಕ್ಕಿಗೆ ಬಿದ್ದರೆ ಎರಡನೆಯದು ಅದಕ್ಕೆ ಎದುರಾಗಿ ಬೀಳಬೇಕಂತೆ. ಇಲ್ಲಿ ಎರಡೂ ಒಂದೇ ದಿಕ್ಕಿಗೆ ಬಿದ್ದಿದ್ದವು. ಅಂಥ ಗಂಟು ನೋಡಲು ಬಿಗಿಯಾಗಿಯೇ ಇರುತ್ತದೆ, ಎಳೆತ ಬಿದ್ದಾಗ ಜಾರುತ್ತದೆ. ಸೂಜಿಯನ್ನೂ ಮಣಿಕಟ್ಟು ತಿರುಗಿಸಿ ದಾಟಿಸದೆ ನೇರವಾಗಿ ನೂಕಿದ್ದಳು. ಸಿಪ್ಪೆ ಒಂದೆಡೆ ಹರಿದಿತ್ತು. ಮುಗಿದ ಹಣ್ಣನ್ನು ಕೈಯಲ್ಲಿ ಹಿಡಿದು ಎಷ್ಟು ಹೊರಳಿಸಿದರೂ ಆ ಗಂಟಿನ ದೋಷ ನಮಗಂತೂ ಕಾಣಲಿಲ್ಲ.

"ಇದನ್ನ ಅಳಿಸಿಬಿಡ್ರಿ ಮಾಮಾ" ಎಂದಳು.

ಆಗ ನಮಗೆ ಊರಿನ ಆಕಳು ನೆನಪಾಯಿತು. ನಾವು ಹತ್ತು ವರ್ಷದವರಿದ್ದಾಗ ತಂತಿಬೇಲಿಗೆ ಸಿಕ್ಕಿ ಅದರ ಮೊಲೆ ಸೀಳಿತ್ತು. ಯಾರೋ ಬಂದು ಹೊಲಿದು ಹೋದರು. ಮೂರನೆಯ ದಿನ ಹೊಲಿಗೆ ಬಿಚ್ಚಿ ಹಾಲು ಗಾಯದಿಂದಲೇ ಸೋರತೊಡಗಿತು. ಆಕಳು ಒದೆಯಿತು, ಅದಕ್ಕೇ ಹರಿಯಿತೆಂದರು. ಇದ್ದರೂ ಇರಬಹುದು. ತಂದೆಯವರು ಅದನ್ನು ಸಂತೆಗೆ ಹೊಡೆದುಕೊಂಡು ಹೋದ ಬೆಳಗ್ಗೆ ನಾವು ಶಾಲೆಗೆ ಹೋಗಲಿಲ್ಲ. ಒದೆತವೋ, ಗಂಟೋ, ಇಂದಿಗೂ ಗೊತ್ತಿಲ್ಲ. ಈ ಕಥೆ ಹೇಳಿ, ಅಳಿಸುವುದಿಲ್ಲವೆಂದೆವು. ಹುಡುಗಿಯ ಕಣ್ಣು ತುಂಬಿತು. ನಾವು ಸ್ವಲ್ಪ ಹೆಚ್ಚಾಗಿಯೇ ಹೇಳಿದೆವೇನೋ.

ತನ್ನ ಕೈಯನ್ನು ತಾನೇ ಪರದೆಯ ಮೇಲೆ ನೋಡುವ ಈ ಕಷ್ಟ ಹೊಸದಲ್ಲ. ಪ್ಯಾರಿಸಿನ ಶಸ್ತ್ರವೈದ್ಯ ದೊಯಾಂ 1898ರಲ್ಲೇ ತಮ್ಮ ಶಸ್ತ್ರಕ್ರಿಯೆಗಳನ್ನು ಚಲಚ್ಚಿತ್ರವಾಗಿ ತೆಗೆಸಿ, ಅವನ್ನು ನೋಡಿ ತಮ್ಮ ಕೈಯ ತಪ್ಪುಗಳನ್ನು ತಿದ್ದಿಕೊಂಡೆನೆಂದು ಹೇಳಿಕೊಂಡರು. ಒರಿಸ್ಸಾದಲ್ಲಿ ಹುಟ್ಟಿದ ರಾಧಿಕಾ, ದೂಧಿಕಾ ಎಂಬ ಸಯಾಮಿ ಅವಳಿಗಳನ್ನು 1902ರಲ್ಲಿ ಬೇರ್ಪಡಿಸಿದ್ದನ್ನೂ ಅವರು ಚಿತ್ರಿಸಿಟ್ಟರು. ಅಮೆರಿಕದ ಮಿಷಿಗನ್ನಿನಲ್ಲಿ 20 ಮಂದಿ ಶಸ್ತ್ರವೈದ್ಯರು ಬೊಜ್ಜಿನ ರೋಗಿಗಳಿಗೆ ಮಾಡುವ ಶಸ್ತ್ರಕ್ರಿಯೆಯ ಒಂದೊಂದು ವಿಡಿಯೊ ಕೊಟ್ಟರು. ಯಾರ ಕೈಯೆಂದು ತಿಳಿಯದ ಸಹವೈದ್ಯರು ಅಂಕ ಹಾಕಿದರು. 2013ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಅಂಕದಲ್ಲಿ ಕೆಳಗಿನ ಕಾಲುಭಾಗದವರ ರೋಗಿಗಳಲ್ಲಿ ನೂರಕ್ಕೆ 14.5 ಮಂದಿಗೆ ತೊಡಕುಗಳಾಗಿದ್ದವು, ಮೇಲಿನ ಕಾಲುಭಾಗದವರಲ್ಲಿ 5.2. ಅದು ಮನುಷ್ಯರ ಲೆಕ್ಕ. ದನಕರುಗಳು ದೂರು ಬರೆದುಕೊಡಲಾರವು. ಅವುಗಳ ವೈದ್ಯರ ಕೈಯನ್ನು ಇನ್ನೂ ಎಚ್ಚರದಿಂದ ನೋಡಬೇಕೆಂದೇ ನಮಗೆ ತೋರುತ್ತದೆ.

ಹಾಗೆಂದು ಪರೀಕ್ಷೆಯನ್ನೆಲ್ಲ ಯಂತ್ರಕ್ಕೆ ಒಪ್ಪಿಸಬೇಕೆಂದು ನಾವು ವಾದಿಸುವುದಿಲ್ಲ. ದಾರವನ್ನು ಎಷ್ಟು ಬಲವಾಗಿ ಎಳೆದಳೆಂಬುದು ಚಿತ್ರದಲ್ಲಿ ಬಾರದು. ಕಿತ್ತಳೆಗೆ ರಕ್ತವಿಲ್ಲ, ಅದು ಒದೆಯುವುದೂ ಇಲ್ಲ. ಅದಕ್ಕೆ ಮೊಣಕೈ ಪಕ್ಕದಲ್ಲೊಬ್ಬ ಗುರು ನಿಂತಿರಲೇಬೇಕು. ಆದರೆ ಗುರುವಿಗೆ ಒಂದೇ ಹೊತ್ತಿಗೆ ಎಷ್ಟು ಮೊಣಕೈಗಳ ಪಕ್ಕದಲ್ಲಿ ನಿಲ್ಲಲಾದೀತು?

ಮರುದಿನ ಬೆಳಗ್ಗೆ ಕಚೇರಿಗೆ ಹೊರಟಿದ್ದೆವು. ಹುಡುಗಿ ಆಗಲೇ ಇನ್ನೊಂದು ಹಣ್ಣು ಸೀಳಿಕೊಂಡು ಕೂತಿದ್ದಳು. ನಿನ್ನೆಯ ವಿಡಿಯೊ ಅಳಿಸಿರಲಿಲ್ಲ. ಮೂರನೆಯ ಗಂಟಿನಲ್ಲೇ ನಿಲ್ಲಿಸಿ ಮುಂದಿಟ್ಟುಕೊಂಡಿದ್ದಳು.

"ಮಾಮಾ, ಈ ಸಲ ಬಲಗಡಿಂದ ಹಿಡೀರಿ. ಗಂಟು ಬೀಳೋದು ಕಾಣಬೇಕು."

ಹತ್ತು ನಿಮಿಷ ತಡವಾಗಿ ಕಚೇರಿಗೆ ಹೋದೆವು. ನಾಲ್ಕು ಗಂಟು ಸರಿಯಾಗಿದ್ದವು. ಐದನೆಯದನ್ನು ನೋಡುವಷ್ಟರಲ್ಲಿ ನಮ್ಮ ಮನೆಯವರು ಒಳಗಿನಿಂದ, "ಹೊಲಿದದ್ದು ಮುಗೀತಂದ್ರ ಆ ಹಣ್ಣು ಇತ್ತಾಗ ಕೊಡ್ರಿ, ಮೂರು ದಿವಸದಾಗ ಒಂದು ಡಜನ್ ಹಾಳಾತು" ಎಂದರು.